ಓಣಿಗೊಂದು ಮಳೆ

ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ಬೆಳಗಾವಿಯ ಜನರ ಕಣ್ಣು ಮಧ್ಯಾಹ್ನದ ಮೂರು ಗಂಟೆಯ ಹೊತ್ತಿಗೆ ತಾನಾಗಿಯೇ ಆಕಾಶದತ್ತ ಹೊರಳುತ್ತದೆ. ಬೆಳಗಿನಿಂದ ಒಂದು ಎಲೆ ಅಲುಗಿರುವುದಿಲ್ಲ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಅಷ್ಟರಲ್ಲಿ ದಿಗಂತದ ಯಾವುದೋ ಮೂಲೆಯಲ್ಲಿ ಹಿಂಜಿದ ಅರಳೆಯ ರಾಶಿಯಂತಹ ಮೋಡವೊಂದು ತಲೆಯೆತ್ತುತ್ತದೆ. ಟಿಳಕವಾಡಿಯ ಮನೆಯ ಗಚ್ಚಿನ ಮೇಲೆ ಸಂಡಿಗೆ ಒಣಹಾಕಿದ ಗೃಹಿಣಿ, ಉದ್ಯಮಬಾಗದ ಕಾರಖಾನೆಯಿಂದ ಹೊರಬಿದ್ದ ಕೆಲಸಗಾರ, ಖಾನಾಪುರ ರಸ್ತೆಯಲ್ಲಿ ಬಸ್ಸಿಗಾಗಿ ಕಾದು ನಿಂತ ವಿದ್ಯಾರ್ಥಿ, ಈ ಮೂವರೂ ಅದನ್ನೇ ನೋಡುತ್ತಾರೆ. ಮೂವರ ಮನಸ್ಸಿನಲ್ಲಿಯೂ ಇರುವುದು ಒಂದೇ ಪ್ರಶ್ನೆ: ಬಂದೀತೆ?

ಈ ಮಳೆಗೆ ಹೆಸರುಗಳು ಹಲವು. ಪಂಚಾಂಗದವರಿಗೆ ಇದು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಗಳ ಮಳೆ. ಎಂದರೆ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗಿನದು. ಮನೆಯಲ್ಲಿ ಮರಾಠಿಯಾಡುವ ನೆರೆಯವರಿಗೆ ಇದು 'ವಳೀವ'. ಸರಕಾರದ ಪ್ರಕಟಣೆಗಳಲ್ಲಿ 'ಮುಂಗಾರು ಪೂರ್ವ ಮಳೆ'. ಭರಣಿ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಇದನ್ನು ಹೊಗಳಿದ್ದುಂಟು. ಆದರೆ ಮುಂಗಾರಿಗೂ ಇದಕ್ಕೂ ಸ್ವಭಾವದಲ್ಲಿ ಅಜಗಜಾಂತರ. ಮುಂಗಾರು ದೊಡ್ಡ ಮನೆತನದ ಬೀಗರಂತೆ. ಬರುವ ದಿನವನ್ನು ಮೊದಲೇ ಹೇಳಿಕಳಿಸಿ, ಪಡುವಣ ದಿಕ್ಕಿನಿಂದಲೇ ಬಂದು, ತಿಂಗಳುಗಟ್ಟಲೆ ಠಾಣ್ಯ ಹೂಡುತ್ತದೆ. ಬೇಸಗೆಯ ಗುಡುಗುಮಳೆಯಾದರೋ ಕಾಗದ ಬರೆಯದೆ ಬರುವ ಸೋದರಮಾವ. ಒಮ್ಮೆ ಪೂರ್ವದಿಂದ, ಒಮ್ಮೆ ಘಟ್ಟದ ಕಡೆಯಿಂದ ಬರುತ್ತಾನೆ. ಒಂದು ಮನೆಗೆ ಹೊಕ್ಕು ಪಕ್ಕದ ಮನೆಯನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಾನೆ.

ಹೀಗೆ ಹೇಳದೆ ಬರುವವನನ್ನು ಕಾಯುವುದಕ್ಕೆ ಒಬ್ಬರ ಕಣ್ಣು ಸಾಲದು. ಬೆಳಗಾವಿಗೂ ಖಾನಾಪುರಕ್ಕೂ ನಡುವೆ ಇರುವುದು ಸುಮಾರು ೨೬ ಕಿಲೋಮೀಟರು. ಎರಡೂ ಊರುಗಳಲ್ಲಿ ನೆಂಟರು ಇಲ್ಲದ ಮನೆ ಅಪರೂಪ. ಆದುದರಿಂದ ವೈಶಾಖದ ಸಂಜೆಗಳಲ್ಲಿ ಫೋನಿನ ಮೇಲೆ ನಡೆಯುವ ಮಾತುಕತೆಯ ರೀತಿ ಹೆಚ್ಚುಕಡಮೆ ಹೀಗಿರುತ್ತದೆ:

"ಕಾಕಾ, ನಂದಗಡದ ಕಡೆ ಕಪ್ಪಗ ಆಗೇತ್ರಿ. ಗಾಳಿ ಜೋರ ಬಿಟ್ಟೈತಿ. ನಿಮ್ಮ ಕಡೆ ಹೆಂಗ ಐತ್ರಿ?"

"ಇಲ್ಲಿ ಇನ್ನೂ ಬಿಸಿಲ ಐತೆಪಾ. ಆದ್ರ ದೂರದಾಗ ಗುಡುಗು ಕೇಳಾಕತ್ತೈತಿ. ನಿಮ್ಮ ಕಾಕೂಗ ಸಂಡಿಗಿ ಒಳಗ ತಗೀ ಅಂತ ಹೇಳ್ತೇನಿ ತಡಿ."

ಕೇಳಿದವರಿಗೆ ಇದು ಹೊತ್ತು ಕಳೆಯುವ ಹರಟೆಯೆಂದು ತೋರಬಹುದು. ಆದರೆ ಈ ಎರಡು ವಾಕ್ಯಗಳಲ್ಲಿ ಮೋಡದ ದಿಕ್ಕು, ಗಾಳಿಯ ಬಲ, ಗುಡುಗಿನ ದೂರ ಎಲ್ಲವೂ ಅಡಗಿವೆ. ಹವಾಮಾನದ ಶಾಸ್ತ್ರಜ್ಞರಿಗೆ ಬೇಕಾದುದೂ ಬಹುಮಟ್ಟಿಗೆ ಇದೇ.

ಒಂದೋಣಿಗೆ ಬಂದ ಮಳೆ ಇನ್ನೊಂದಕ್ಕೆ ಏಕೆ ಬರುವುದಿಲ್ಲ? ಅದರ ಮರ್ಮವು ಮೋಡದ ಹುಟ್ಟಿನಲ್ಲಿಯೇ ಇದೆ. ಬೆಳಗಾವಿಯು ಪಶ್ಚಿಮ ಘಟ್ಟದ ಬೆನ್ನಿಗೆ, ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರ್ ಎತ್ತರದಲ್ಲಿ ಕುಳಿತ ಊರು. ಬಿಸಿಲಿಗೆ ಬಯಲುಸೀಮೆಯ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿಯು ಬಿಸಿಯಾಗಿ, ಹಗುರವಾಗಿ, ಮೇಲಕ್ಕೇಳುತ್ತದೆ. ಅತ್ತ ಅರಬ್ಬೀ ಸಮುದ್ರದಿಂದ ಗೋವೆಯ ಮೇಲೆ ಹಾಯ್ದು ಬರುವ ತೇವದ ಗಾಳಿಯು ಕಣಕುಂಬಿ, ಜಾಂಬೋಟಿಗಳ ಕಾಡುಬೆಟ್ಟಗಳನ್ನು ಹತ್ತಿ ಈಚೆಗೆ ಇಳಿಯುತ್ತದೆ. ಪೂರ್ವದ ಒಣಗಾಳಿ ಅದನ್ನು ಎದುರುಗೊಂಡ ಎಡೆಯಲ್ಲಿ ಎರಡಕ್ಕೂ ಮೇಲೇರದೆ ಬೇರೆ ದಾರಿಯಿಲ್ಲ. ಏರಿದ ತೇವವು ತಣಿದು ಮೋಡವಾಗುತ್ತದೆ. ಅನುಕೂಲ ಒದಗಿದರೆ ಆ ಮೋಡ ಒಂದೆರಡು ತಾಸಿನಲ್ಲಿ ಹನ್ನೆರಡು ಕಿಲೋಮೀಟರನ್ನೂ ಮೀರಿ ಬೆಳೆದು, ನೆತ್ತಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಅದರ ಒಡಲಿನಲ್ಲಿ ಮಂಜಿನ ಹರಳುಗಳೂ ಆಲಿಕಲ್ಲಿನ ಮರಿಗಳೂ ಒಂದಕ್ಕೊಂದು ತಾಗಿ ವಿದ್ಯುತ್ತು ಬೇರ್ಪಡುತ್ತದೆ. ಮಿಂಚು ಹುಟ್ಟುವುದು ಅಲ್ಲಿಯೇ.

ಆದರೆ ಇಷ್ಟು ಭೀಮಕಾಯದ ಮೋಡವು ನೆಲದ ಮೇಲೆ ಆವರಿಸುವುದು ಕೆಲವೇ ಕಿಲೋಮೀಟರುಗಳ ಅಗಲವನ್ನು. ಒಂಟಿ ಮೋಡವೊಂದರ ಆಯುಷ್ಯ ಅರ್ಧ ತಾಸು, ಬಹಳವಾದರೆ ಒಂದು ತಾಸು. ಸುರಿಯುವ ಮಳೆಯೇ ತಣ್ಣನೆಯ ಗಾಳಿಯನ್ನು ಕೆಳಕ್ಕೆಳೆದು, ತನ್ನನ್ನು ಪೋಷಿಸುವ ಬಿಸಿಗಾಳಿಯ ದಾರಿಯನ್ನು ಮುಚ್ಚಿಬಿಡುತ್ತದೆ. ಹಾಗೆ ಕೆಳಗಿಳಿದ ತಂಗಾಳಿಯೇ ಮಳೆಗೆ ಮುಂಚೆ ಧೂಳೆಬ್ಬಿಸಿ, ಬಾಗಿಲು ಬಡಿದು, ಮಣ್ಣಿನ ವಾಸನೆಯನ್ನು ಹೊತ್ತು ತರುವುದು. ಅದು ಮುಂದೆ ನುಗ್ಗಿ ಇನ್ನೊಂದೆಡೆಯ ಬಿಸಿಗಾಳಿಯನ್ನು ಎಬ್ಬಿಸಿದರೆ ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಟಿಳಕವಾಡಿಯ ಒಂದನೆಯ ರೈಲ್ವೆ ಗೇಟಿನ ಬಳಿ ಮೊಣಕಾಲುದ್ದ ನೀರು ನಿಂತಾಗ ಸಾಂಬ್ರಾದಲ್ಲಿ ಧೂಳು ಹಾರುತ್ತಿದ್ದರೆ ಅದು ಆಶ್ಚರ್ಯವಲ್ಲ. ಅದೇ ಈ ಮಳೆಯ ಧರ್ಮ.

ಇಲ್ಲಿ ತೊಡಕೊಂದುಂಟು. ಬೆಳಗಾವಿಯ ಹವಾಮಾನವನ್ನು ಅಳೆಯುವ ಕೇಂದ್ರ ಇರುವುದು ಆ ಸಾಂಬ್ರಾದಲ್ಲಿಯೇ, ವಿಮಾನ ನಿಲ್ದಾಣದ ಬಳಿ. ಅಲ್ಲಿ ಹನಿ ಬೀಳದಿದ್ದರೆ ಆ ಕೇಂದ್ರದ ಲೆಕ್ಕದಲ್ಲಿ ಆ ದಿನ ಮಳೆಯಿಲ್ಲ. ಈ ಕೊರತೆಯನ್ನು ತುಂಬಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಇದು ಹೆಮ್ಮೆಪಡತಕ್ಕ ಕಾರ್ಯ. ಪಣಜಿಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಡಾಪ್ಲರ್ ರಾಡಾರ್ ಇದೆ. ನೆತ್ತಿಯ ಮೇಲೆ ಇನ್‌ಸ್ಯಾಟ್ ಉಪಗ್ರಹಗಳಿವೆ. ಇತ್ತೀಚಿನದಾದ ಇನ್‌ಸ್ಯಾಟ್-೩ಡಿಎಸ್ ೨೦೨೪ರ ಫೆಬ್ರುವರಿಯಲ್ಲಿ ಮೇಲೇರಿತು. ಇವೆಲ್ಲವುಗಳ ಚಿತ್ರವನ್ನು ಇಂದು ಹೈಸ್ಕೂಲಿನ ಹುಡುಗನೂ ಕಿಸೆಯ ಫೋನಿನಲ್ಲಿ ನೋಡಬಲ್ಲ.

ಆದರೂ ಉಪಗ್ರಹ ಕಾಣುವುದು ಮೋಡದ ನೆತ್ತಿಯನ್ನು. ರಾಡಾರಿನ ಕಿರಣವು ದೂರ ಹೋದಂತೆ, ಭೂಮಿ ದುಂಡಗಿರುವುದರಿಂದ, ನೆಲವನ್ನು ಬಿಟ್ಟು ಮೇಲೇರುತ್ತದೆ. ಅದು ಕಾಣುವುದು ಮೋಡದ ಎದೆಯನ್ನು. ಮೋಡದ ಪಾದ ಎಲ್ಲಿ ಊರಿತು, ಅನಗೋಳದಲ್ಲಿ ಬಿದ್ದುದು ಹನಿಯೋ ಆಲಿಕಲ್ಲೋ ಎಂಬುದನ್ನು ಹೇಳಬಲ್ಲವರು ಅನಗೋಳದವರು ಮಾತ್ರ.

ಇಂತಹ ಅಳತೆ ದೊಡ್ಡ ವಿದ್ವಾಂಸರಿಗೆ ಮೀಸಲಾದುದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದ ಮುಂದೆ ಒಂದು ಅರತ್ನಿ ಬಾಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿದೆ. ಇಂಗ್ಲೆಂಡಿನಲ್ಲಿ ಜಾರ್ಜ್ ಸೈಮನ್ಸ್ ಎಂಬಾತನು ೧೮೬೦ರಲ್ಲಿ ೧೬೮ ಸ್ಥಳಗಳ ಮಳೆಯ ಲೆಕ್ಕವನ್ನು ಒಟ್ಟುಗೂಡಿಸಿ ಅಚ್ಚುಹಾಕಿದ. ಪಾದ್ರಿಗಳು, ವೈದ್ಯರು, ಜಮೀನುದಾರರು ಪ್ರತಿದಿನ ಬೆಳಗ್ಗೆ ಅಂಗಳದ ಮಾಪಕವನ್ನು ನೋಡಿ ಬರೆದಿಟ್ಟ ಲೆಕ್ಕವದು. ೧೯೦೦ರಲ್ಲಿ ಆತನು ತೀರಿಕೊಳ್ಳುವ ಹೊತ್ತಿಗೆ ಆ ಬಳಗವು ಮೂರು ಸಾವಿರವನ್ನು ಮೀರಿತ್ತು.

ಬೆಳಗಾವಿಗೆ ಇನ್ನೂ ಹತ್ತಿರವೆನಿಸುವ ಉದಾಹರಣೆ ಅಮೆರಿಕೆಯ ಕೊಲರಾಡೋ ಸಂಸ್ಥಾನದ ಫೋರ್ಟ್ ಕಾಲಿನ್ಸ್ ನಗರದ್ದು. ಅದೂ ಬೆಟ್ಟಸಾಲಿನ ಬುಡದ ಊರು. ೧೯೯೭ರ ಜುಲೈ ೨೮ರಂದು ಗುಡುಗುಮಳೆಯು ಆ ಊರಿನ ನೈಋತ್ಯ ಭಾಗದ ಮೇಲೆಯೇ ನಿಂತುಬಿಟ್ಟಿತು. ಅಲ್ಲಿ ಹತ್ತು ಅಂಗುಲಕ್ಕೂ ಹೆಚ್ಚು ಮಳೆ ಸುರಿದರೆ, ಕೆಲವೇ ಮೈಲು ಆಚೆ ಪೂರ್ವದ ಅಂಚಿನಲ್ಲಿ ಎರಡು ಅಂಗುಲವೂ ಇಲ್ಲ. ಪ್ರವಾಹಕ್ಕೆ ಐವರು ಬಲಿಯಾದರು. ಎಲ್ಲಿ ಎಷ್ಟು ಸುರಿಯುತ್ತಿದೆಯೆಂಬುದು ಆ ರಾತ್ರಿ ಸರಿಯಾಗಿ ತಿಳಿಯಲಿಲ್ಲ. ಆ ಪಾಠದಿಂದ ನೋಲನ್ ಡೋಸ್ಕೆನ್ ಎಂಬ ಹವಾಮಾನಜ್ಞರು ಮರುವರ್ಷವೇ ಗೃಹಸ್ಥರಿಗೂ ಶಾಲೆಯ ಮಕ್ಕಳಿಗೂ ಮಳೆಮಾಪಕ ಕೊಟ್ಟು ಒಂದು ಸಂಘವನ್ನು ಕಟ್ಟಿದರು. ಇಂದು ಅದು ಅಮೆರಿಕೆಯ ಎಲ್ಲ ಸಂಸ್ಥಾನಗಳಿಗೂ ಹಬ್ಬಿದೆ. ಭಾರತದಲ್ಲಿಯೂ ೨೦೧೫ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ, 'ತಮಿಳುನಾಡು ವೆದರ್‌ಮ್ಯಾನ್' ಎಂದು ಹೆಸರಾದ ಹವ್ಯಾಸಿ ಪ್ರದೀಪ್ ಜಾನ್ ಅವರ ಸರಳವಾದ ಮಾತಿಗೆ ಜನರು ಕಿವಿಗೊಟ್ಟಿದ್ದರು.

ಪಟ್ಟಣಿಗರಿಗೆ ಈ ಮಳೆಯಿಂದ ಆಗುವ ನಷ್ಟ ಬಹುಶಃ ಒಂದು ಚಾಪೆಯ ಸಂಡಿಗೆ. ಖಾನಾಪುರದಲ್ಲಿ ಹಾಗಲ್ಲ. ಅಲ್ಲಿಯ ಮಣ್ಣು ಇಟ್ಟಿಗೆ, ಹೆಂಚು, ಮಡಕೆಗಳಿಗೆ ಹೆಸರಾದುದು. ಬೇಸಗೆಯಲ್ಲಿ ಬಯಲಿನ ತುಂಬ ಹಸಿ ಇಟ್ಟಿಗೆ ಸಾಲುಗಟ್ಟಿ ಒಣಗುತ್ತಿರುತ್ತದೆ. ತಾಡಪತ್ರಿ ಹೊದಿಸುವುದಕ್ಕೆ ಕಾಲು ತಾಸು ಸಿಕ್ಕರೆ ವಾರದ ದುಡಿತ ಉಳಿಯಿತು. ಸಿಗದಿದ್ದರೆ ಅದು ಮತ್ತೆ ಕೆಸರು. ಅದೇ ಮಳೆಯನ್ನು ಪಕ್ಕದ ಹೊಲದ ರೈತನು ಕೈಮುಗಿದು ಕರೆಯುತ್ತಿರುತ್ತಾನೆ. ಮೇ ತಿಂಗಳಿನ ಒಂದೆರಡು ಹದಮಳೆ ಬಿದ್ದರೆ ನೆಲ ಹಸನಾಗಿ, ಮುಂಗಾರಿಗೆ ಮೊದಲೇ ಕೂರಿಗೆಯಿಂದ ಬತ್ತ ಬಿತ್ತಬಹುದು. ಒಬ್ಬನ ಶಾಪ ಇನ್ನೊಬ್ಬನ ವರವಾಗುವ ಈ ಸೀಮೆಯಲ್ಲಿ ಇಬ್ಬರಿಗೂ ಸಮಾನವಾಗಿ ಬೇಕಾದುದು ಮುಂಚಿತವಾದ ಒಂದು ಮಾತು: ಮೋಡ ಎತ್ತ ಹೊರಟಿದೆ?

ಇಟ್ಟಿಗೆ ಬತ್ತಗಳಿಗಿಂತ ಹಿರಿದಾದುದು ಪ್ರಾಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ ೨೦೨೨ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು ೨,೮೮೭ ಮಂದಿ. ಇಂತಹ ಸಾವುಗಳಲ್ಲಿ ಬಹಳಷ್ಟು ಸಂಭವಿಸುವುದು ಹೊಲದಲ್ಲಿ, ದನ ಮೇಯುವ ಬಯಲಿನಲ್ಲಿ, ಮಳೆಗೆ ಹೆದರಿ ಆಶ್ರಯಕ್ಕೆಂದು ನಿಂತ ಮರದ ಕೆಳಗೆ. ಸಿಡಿಲಿನ ಮುನ್ಸೂಚನೆಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ಕರ್ನಾಟಕದ ಕೇಂದ್ರದವರ 'ಸಿಡಿಲು' ಇದೆ. ಫೋನಿನಲ್ಲಿ ಇವನ್ನು ಇರಿಸಿಕೊಳ್ಳುವುದು ಒಳ್ಳೆಯದು. ಆದರೆ ದನಗಾಹಿಯ ಕೈಯಲ್ಲಿ ಫೋನು ಇಲ್ಲದಿದ್ದರೆ?

ಅವನಿಗೆ ಅಜ್ಜಿಯ ಉಪಾಯವೊಂದುಂಟು. ಗುಡುಗಿದಾಗ ಅರ್ಜುನನ ಹತ್ತು ಹೆಸರುಗಳನ್ನು ಹೇಳಬೇಕೆಂಬುದು ಕನ್ನಡ ನಾಡಿನ ಹಳೆಯ ವಾಡಿಕೆ: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಮೊದಲಾಗಿ. ಭಕ್ತಿಯ ಮಾತು ಅವರವರಿಗೆ ಬಿಟ್ಟುದು. ಅದರೊಳಗೆ ಒಂದು ಗಡಿಯಾರವೂ ಅಡಗಿದೆಯೆನ್ನಬಹುದು. ಮಿಂಚು ಕಂಡೊಡನೆ ಹೆಸರುಗಳನ್ನು ಆರಂಭಿಸಿ, ಒಂದೊಂದಕ್ಕೆ ಒಂದೊಂದು ಸೆಕೆಂಡು ಕೊಟ್ಟು ನಿಧಾನವಾಗಿ ಹೇಳಬೇಕು. ಶಬ್ದವು ಒಂದು ಕಿಲೋಮೀಟರು ಬರುವುದಕ್ಕೆ ಸುಮಾರು ಮೂರು ಸೆಕೆಂಡು ಬೇಕು. ಹತ್ತು ಹೆಸರು ಮೂರು ಸಲ ಮುಗಿಯುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆಯೆಂದೇ ಅರ್ಥ. ಆ ದೂರದಿಂದಲೂ ಮುಂದಿನ ಸಿಡಿಲು ತಲೆಯ ಮೇಲೆ ಎರಗಬಲ್ಲದು. ಮರವನ್ನಾಗಲಿ, ತೆರೆದ ಗುಡಿಸಲನ್ನಾಗಲಿ ನಂಬದೆ ಗಟ್ಟಿ ಮನೆಯೊಳಗೆ, ಇಲ್ಲವೆ ಕಿಟಕಿ ಮುಚ್ಚಿದ ಮೋಟಾರಿನೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಳೆಯುವವರೆಗೆ ಹೊರಬೀಳಬಾರದು. ಇದಕ್ಕೆ ಯಾವ ಯಂತ್ರವೂ ಬೇಡ.

ಮಳೆಯ ಅಳತೆಯೂ ಇಷ್ಟೇ ಸುಲಭ. ನೇರವಾದ ಗೋಡೆಯ, ಸಮತಟ್ಟಾದ ತಳದ ಗಾಜಿನ ಪಾತ್ರೆಯೊಂದನ್ನು ಮರ ಗೋಡೆಗಳಿಂದ ದೂರವಾಗಿ ಇಟ್ಟು, ಪ್ರತಿದಿನ ಬೆಳಗಿನ ಎಂಟೂವರೆಗೆ ಪಟ್ಟಿಯಿಂದ ನೀರಿನ ಎತ್ತರ ನೋಡಿದರಾಯಿತು. ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದೂ ಅದೇ ಎಂಟೂವರೆಗೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಗಚ್ಚಿನ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಸಾವಿರ ಲೀಟರ್. ನಳದ ನೀರಿಗಾಗಿ ಕಾದು ಕುಳಿತ ಮನೆಯ ಮಕ್ಕಳಿಗೆ ಇದಕ್ಕಿಂತ ರುಚಿಯಾದ ಗಣಿತದ ಪಾಠ ಬೇರೊಂದಿಲ್ಲ.

ಒಂದೇ ಒಂದು ನಿಯಮವನ್ನು ಮಾತ್ರ ಬಿಡಬಾರದು. ಕಂಡುದನ್ನು, ಕಂಡ ಊರು ಹೊತ್ತುಗಳೊಡನೆ, ಕಂಡಷ್ಟೇ ಹೇಳಬೇಕು. ಯಾವುದೋ ಊರಿನ ಹಳೆಯ ಆಲಿಕಲ್ಲಿನ ಚಿತ್ರವನ್ನು ಇಂದಿನದೆಂದು ಹಂಚುವವನು ತೋಳ ಬಂತೆಂದು ಕೂಗಿದ ಹುಡುಗನ ತಮ್ಮ. ಮಳೆ ಬಾರದಿದ್ದರೆ ಸೊನ್ನೆಯೆಂದು ಬರೆಯುವುದಕ್ಕೂ ನಾಚಬಾರದು. ಶಹಾಪುರದ ಸೊನ್ನೆಯು ಟಿಳಕವಾಡಿಯ ನಲವತ್ತು ಮಿಲಿಮೀಟರಿನಷ್ಟೇ ಬೆಲೆಯುಳ್ಳದ್ದು. ಎರಡೂ ಸೇರಿದಾಗಲೇ ಮೋಡದ ಅಂಚು ಕಾಣುವುದು.

ಮಳೆ ಓಣಿಗೊಂದಾಗಿ ಬರುತ್ತದೆ. ಅದನ್ನು ಕಾಯುವವರು ಮಾತ್ರ ಓಣಿಗೊಬ್ಬರಾಗಿ ಉಳಿಯದಿರಲಿ. ಖಾನಾಪುರದ ಒಂದು ಕರೆ ಬೆಳಗಾವಿಯಲ್ಲಿ ಸಂಡಿಗೆಯನ್ನು ಉಳಿಸುತ್ತದೆ. ಬೆಳಗಾವಿಯ ಒಂದು ಕರೆ ಖಾನಾಪುರದಲ್ಲಿ ಒಬ್ಬ ದನಗಾಹಿಯನ್ನು ಮರದ ಕೆಳಗಿನಿಂದ ಮನೆಗೆ ಕರೆಸೀತು.