ಹಿರಿಯರ ಬಾಳನ್ನು ಓದುವ ಬಗೆ

ಮಹನೀಯರ ಜೀವನಚರಿತ್ರೆಗಳನ್ನು ಓದುವವರಲ್ಲಿ ಎರಡು ಬಗೆಯವರುಂಟು. ಪೂಜೆಗೆಂದು ಓದುವವರು ಕೆಲವರು. ತಪ್ಪು ಹುಡುಕಲೆಂದು ಓದುವವರು ಮತ್ತೆ ಕೆಲವರು. ಮೊದಲನೆಯವರಿಗೆ ಹಿರಿಯರ ದೋಷಗಳು ಕಾಣುವುದಿಲ್ಲ. ಎರಡನೆಯವರಿಗೆ ದೋಷಗಳ ಹೊರತು ಬೇರೇನೂ ಕಾಣುವುದಿಲ್ಲ. ಈ ಎರಡು ಬಗೆಯ ಓದಿನಿಂದಲೂ ಓದುಗನಿಗೆ ದೊರೆಯುವ ಲಾಭ ಅಲ್ಪವೇ ಸರಿ.

ಗಾಂಧೀಜಿಯವರ ಆತ್ಮಕಥೆಯನ್ನೇ ತೆಗೆದುಕೊಳ್ಳಬಹುದು. 1925ರಿಂದ 1929ರವರೆಗೆ ‘ನವಜೀವನ’ ವಾರಪತ್ರಿಕೆಯಲ್ಲಿ ಗುಜರಾತಿ ಭಾಷೆಯಲ್ಲಿ ಕಂತುಕಂತಾಗಿ ಪ್ರಕಟವಾದ ಗ್ರಂಥವದು. 15 ವರ್ಷದ ಬಾಲಕನು ಅಣ್ಣನ ಸಾಲ ತೀರಿಸಲೆಂದು ಅವನ ತೋಳಿನ ಕಡಗದಿಂದ ಚಿನ್ನದ ತುಣುಕೊಂದನ್ನು ಕದ್ದನು. ಬಳಿಕ ಮನಸ್ಸು ತಾಳದೆ, ತಪ್ಪನ್ನು ಕಾಗದದಲ್ಲಿ ಬರೆದು, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತನು. ತಂದೆ ಗದರಲಿಲ್ಲ, ಹೊಡೆಯಲಿಲ್ಲ. ಅವರ ಕಣ್ಣೀರಿನಿಂದ ಕಾಗದ ತೋಯ್ದಿತು. ಅದನ್ನು ಅವರು ಹರಿದುಹಾಕಿದರು. ಈ ಪುಟವನ್ನು ಓದಿದವನ ಮನಸ್ಸು ಕರಗದಿರದು.

ಅದೇ ಗ್ರಂಥದಲ್ಲಿ ಡರ್ಬನ್ನಿನ ಪ್ರಸಂಗವೂ ಇದೆ. ಮನೆಯಲ್ಲಿದ್ದ ಗುಮಾಸ್ತನೊಬ್ಬನ ಮೂತ್ರಪಾತ್ರೆಯನ್ನು ಕಸ್ತೂರಬಾ ಕಣ್ಣೀರಿಡುತ್ತ ಹೊತ್ತೊಯ್ದರು. ಆ ಕೆಲಸವನ್ನು ಸಂತೋಷದಿಂದಲೇ ಮಾಡಬೇಕೆಂಬುದು ಪತಿಯ ಹಟ. ಮಾತು ಬೆಳೆಯಿತು. ಅವರು ಪತ್ನಿಯ ಕೈ ಹಿಡಿದೆಳೆದು ಮನೆಯಿಂದ ಹೊರದೂಡಲು ಹೊರಟರು. ನಾಚಿಕೆಯಾಗುವುದಿಲ್ಲವೆ ಎಂದು ಆಕೆ ಕೇಳಿದಾಗಲೇ ಅವರಿಗೆ ಎಚ್ಚರವಾದುದು. ಯಾವ ಮನುಷ್ಯನೂ ಕೀಳಲ್ಲ, ಯಾವ ಕೆಲಸವೂ ಕೀಳಲ್ಲ ಎಂಬ ತತ್ತ್ವ ದೊಡ್ಡದು. ಅದನ್ನು ಹೇರಿದ ರೀತಿ ಕ್ರೂರವಾದುದು. ಇದನ್ನು ಓದಿದವನಿಗೆ ಸಿಟ್ಟು ಬಂದರೆ ಅದು ನ್ಯಾಯವಾದ ಸಿಟ್ಟು. ಆದರೆ ಆ ತಪ್ಪನ್ನು ಲೋಕದ ಮುಂದಿಟ್ಟವರು ಬೇರೆ ಯಾರೂ ಅಲ್ಲ, ತಪ್ಪು ಮಾಡಿದವರೇ ಎಂಬುದನ್ನೂ ಅವನು ಮರೆಯಬಾರದು.

ಮೇರಿ ಕ್ಯೂರಿಯವರ ಚರಿತ್ರೆಯನ್ನು ಬರೆದವರು ಅವರ ಮಗಳು ಈವ್. 1937ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಮಳೆ ಸೋರುವ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಡೆದ ದುಡಿಮೆಯ ವರ್ಣನೆ ರೋಮಾಂಚಕಾರಿಯಾಗಿದೆ. ಆದರೆ 1911ರಲ್ಲಿ ಪತ್ರಿಕೆಗಳು ತಾಯಿಯ ಖಾಸಗಿ ಬಾಳನ್ನು ಬೀದಿಗೆಳೆದ ಸಂಗತಿಯನ್ನು ಮಗಳು ಹೆಚ್ಚು ವಿವರಿಸದೆ ಸಾಗುತ್ತಾರೆ. ಮಗಳ ಪ್ರೀತಿಗೆ ಅದು ಸಹಜ. ಆದರೂ ಅದೇ ವರ್ಷ, ಬಾರದಿರುವುದೇ ಲೇಸೆಂಬ ಸೂಚನೆಯನ್ನು ತಳ್ಳಿಹಾಕಿ, ಮೇರಿಯವರು ಸ್ಟಾಕ್‌ಹೋಮಿಗೆ ಹೋಗಿ ಎರಡನೆಯ ನೊಬೆಲ್ ಪ್ರಶಸ್ತಿಯನ್ನು ಸ್ವೀಕರಿಸಿದರು. ಅಪವಾದವನ್ನು ಮರೆಮಾಡಿದರೆ ಈ ಧೈರ್ಯದ ಹಿರಿಮೆಯೂ ಮರೆಯಾಗುತ್ತದೆ.

ಆದುದರಿಂದ ಚರಿತ್ರಕಾರನಿಗೆ ಪ್ರೀತಿಯಷ್ಟೇ ಸತ್ಯನಿಷ್ಠೆಯೂ ಬೇಕು. ಓದುಗನಿಗೆ ಗೌರವದಷ್ಟೇ ವಿವೇಚನೆಯೂ ಬೇಕು. ಶಿಲಾಮೂರ್ತಿಗೆ ಕೈಮುಗಿಯಬಹುದೇ ಹೊರತು ಅದರೊಡನೆ ಹೆಜ್ಜೆ ಹಾಕಲಾಗದು. ಎಡವಿ, ನಾಚಿ, ತಿದ್ದಿಕೊಂಡು ಮುನ್ನಡೆದ ಮನುಷ್ಯನ ಹಿಂದೆ ಮಾತ್ರ ಸಾಮಾನ್ಯನೂ ನಾಲ್ಕು ಹೆಜ್ಜೆ ನಡೆಯಬಲ್ಲನು.