ಪೈಪ್, ಟ್ಯೂಬ್, ಕಬ್ಬಿಣದ ಕಡ್ಡಿ: ಮನೆಯಲ್ಲೇ ಮಾಡುವ ‘ಮೀನು ಗನ್’ ನಿಜಕ್ಕೂ ಆಟಿಕೆಯೇ?

ಒಂದು ಪಿವಿಸಿ ಪೈಪ್, ಹಳೆ ಸೈಕಲ್ ಟ್ಯೂಬ್, ಮೊನೆ ಮಸೆದ ಕಬ್ಬಿಣದ ಕಡ್ಡಿ, ಬಟ್ಟೆಗೆ ಹಾಕುವ ಕ್ಲಿಪ್. ಇಷ್ಟಿದ್ದರೆ ಮೀನು ಹೊಡೆಯುವ ಗನ್ ರೆಡಿ ಎನ್ನುವ ವಿಡಿಯೋಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ‘ರಬ್ಬರಿನದ್ದು ತಾನೇ, ನೀರಲ್ಲಿ ಹೆಚ್ಚು ದೂರ ಹೋಗೋದೂ ಇಲ್ಲ, ಏನಾಗುತ್ತೆ?’ ಎಂದು ಹುಡುಗರು ಕೇಳುತ್ತಾರೆ. ನೀರಲ್ಲಿ ಹೆಚ್ಚು ದೂರ ಹೋಗುವುದಿಲ್ಲ ಎಂಬುದು ನಿಜ. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ನೀರೊಳಗೆ ಬಿಟ್ಟ ಕಡ್ಡಿ ಕೆಲವೇ ಮೀಟರ್‌ಗಳಲ್ಲಿ ಸುಸ್ತಾಗುತ್ತದೆ. ಅದೇ ಕಡ್ಡಿ ದಡದಲ್ಲಿ ಕೈತಪ್ಪಿದರೆ ತಡೆಯುವುದಕ್ಕೆ ಏನೂ ಇಲ್ಲ. ನೀರಲ್ಲಿ ಬಡವಾಗಿ ಕಂಡ ಗನ್ ಮೇಲೂ ಅಷ್ಟೇ ಎಂಬ ಧೈರ್ಯದಲ್ಲಿ ಹುಡುಗರು ಅದನ್ನು ದಡದಲ್ಲೇ ಎಳೆದು ಸಿಕ್ಕಿಸಿ, ಹಾಗೇ ಹಿಡಿದು ಓಡಾಡುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ರಬ್ಬರನ್ನು ಅರ್ಧ ಮೀಟರ್ ಎಳೆದಾಗ ಕೊನೆಯಲ್ಲಿ ಕೈಗೆ 10 ಕೆಜಿ ಭಾರದಷ್ಟು ಬಿಗಿ ಸಿಕ್ಕಿತು ಅಂದುಕೊಳ್ಳಿ. ಅದರಲ್ಲಿ ಸುಮಾರು 25 ಜೂಲ್ ಶಕ್ತಿ ಕೂತಿರುತ್ತದೆ. 4 ಮಿ.ಮೀ. ದಪ್ಪ, ಒಂದು ಮೀಟರ್ ಉದ್ದದ ಕಬ್ಬಿಣದ ಕಡ್ಡಿ ಹೆಚ್ಚುಕಮ್ಮಿ 100 ಗ್ರಾಂ ತೂಗುತ್ತದೆ. ಆ ಶಕ್ತಿಯೆಲ್ಲ ಕಡ್ಡಿಗೆ ದಾಟಿದರೆ ಅದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ರಬ್ಬರ್ ಒಂದಷ್ಟನ್ನು ನುಂಗಿದರೂ ಉಳಿಯುವುದು ಕಡಿಮೆಯೇನಲ್ಲ. ನಮ್ಮ ದೇಶದ 2016ರ ಆಯುಧ ನಿಯಮಗಳಲ್ಲಿ 20 ಜೂಲ್ ದಾಟಿದ ಏರ್‌ಗನ್‌ಗೆ ಲೈಸೆನ್ಸ್ ಬೇಕು. ಸ್ಪಿನ್ನರ್ ಹಾಕಿದ ಕ್ರಿಕೆಟ್ ಚೆಂಡಿಗೂ ಇಷ್ಟೇ ವೇಗ ಇರುತ್ತದಲ್ಲ ಅಂದರೆ, ಹೌದು. ಆದರೆ ಚೆಂಡಿನ ಪೆಟ್ಟು ಅಗಲಕ್ಕೆ ಹರಡುತ್ತದೆ, ಇಲ್ಲಿ ಅಷ್ಟೂ ಬಲ ಎಳ್ಳುಕಾಳಿನಷ್ಟು ಮೊನೆಯ ಮೇಲೆ ಬೀಳುತ್ತದೆ.

ಮನೆಯಲ್ಲಿ ಮಾಡಿದ್ದೆಲ್ಲ ಕೆಟ್ಟದ್ದು ಅಂತಲ್ಲ. ಫಿಲಿಪ್ಪೀನ್ಸ್‌ನ ಮೀನುಗಾರರು ಮರ, ರಬ್ಬರ್, ಉಕ್ಕಿನ ಕಡ್ಡಿಯಿಂದ ತಾವೇ ಮಾಡಿಕೊಳ್ಳುವ ‘ಪಾನಾ’ದಿಂದ ಮುಳುಗಿ ಮೀನು ಹಿಡಿಯುತ್ತಾರೆ. ಅದು ಹಿರಿಯರ ಜೊತೆಗಿದ್ದು ಕಲಿತ ಕಸುಬು, 30 ಸೆಕೆಂಡಿನ ರೀಲ್ ನೋಡಿ ಬಂದದ್ದಲ್ಲ. ಅಂಗಡಿಯ ಸ್ಪಿಯರ್‌ಗನ್‌ಗೆ ಸೇಫ್ಟಿ ಲಾಕ್ ಇರುತ್ತದೆ. ಆದರೂ ನೀರಿಗಿಳಿದ ಮೇಲೆಯೇ ಲೋಡ್ ಮಾಡಬೇಕು, ಹತ್ತುವ ಮೊದಲೇ ಖಾಲಿ ಮಾಡಬೇಕು ಎಂಬುದು ಅದನ್ನು ಬಳಸುವವರ ಮೊದಲ ನಿಯಮ. ಬಟ್ಟೆ ಕ್ಲಿಪ್ಪಿನ ಟ್ರಿಗರ್‌ಗೆ ಲಾಕ್ ಎಲ್ಲಿಂದ ಬರಬೇಕು? ಬಿಸಿಲಲ್ಲಿ ಬಿದ್ದಿದ್ದ ಹಳೆ ಟ್ಯೂಬಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎಳೆಯುವಾಗಲೇ ಹರಿದರೆ ಹೊಡೆತ ನೇರ ಮುಖಕ್ಕೆ.

ದಡದಲ್ಲಿ ನಿಂತು ಹೊಡೆಯುವವರಿಗೆ ಇನ್ನೊಂದು ಮೋಸವಿದೆ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ, ಒಂದು ಮೀಟರ್ ಆಳದ ಮೀನು ಮೇಲಿಂದ ನೋಡಿದರೆ 75 ಸೆಂ.ಮೀ. ಆಳದಲ್ಲಿದ್ದಂತೆ ಕಾಣುತ್ತದೆ. ಗುರಿ ತಪ್ಪುತ್ತದೆ, ಕಡ್ಡಿ ಬಂಡೆಗೆ ತಾಗಿ ಎತ್ತಲೋ ಚಿಮ್ಮುತ್ತದೆ. ಕ್ಯಾಟರ್‌ಬಿಲ್ಲಿಗೆ ದಾರ ಕಟ್ಟಿದ ಬಾಣ ಸಿಕ್ಕಿಸಿ ಹೊಡೆಯುವಾಗ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಬಾಣ ಹೊಡೆದವನ ಕಡೆಗೇ ತಿರುಗಿ ಬರಬಹುದು. ಪಕ್ಕದಲ್ಲಿ ಮೀನು ಹೆಕ್ಕಲು ನಿಂತ ತಮ್ಮನೋ ಗೆಳೆಯನೋ ಇರುತ್ತಾನೆ ಎಂಬುದನ್ನೂ ನೆನಪಿಡಿ.

ಚುಚ್ಚಿಕೊಂಡರೆ ತಕ್ಷಣ ಎಳೆದು ತೆಗೆದು ಅರಿಶಿನ ಅಥವಾ ಕಾಫಿಪುಡಿ ಒತ್ತಿ ಎಂಬ ಸಲಹೆಯನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮೀನು ಜಾರದಿರಲೆಂದು ಮೊನೆಗೆ ಹಿಮ್ಮುಳ್ಳು ಇಟ್ಟಿರುತ್ತಾರೆ. ಅದು ಒಳಹೋದದ್ದಕ್ಕಿಂತ ಹೊರಬರುವಾಗ ಹೆಚ್ಚು ಹರಿಯುತ್ತದೆ. ಆಳಕ್ಕೆ ಹೋದ ಕಡ್ಡಿ ತುಂಡಾದ ರಕ್ತನಾಳಕ್ಕೆ ಬಿರಡೆಯಂತೆ ಕೂತಿರಬಹುದು, ತೆಗೆದರೆ ರಕ್ತ ನಿಲ್ಲದೆ ಹರಿಯುತ್ತದೆ. ದಾರ ಕಟ್ಟಿದ್ದರೆ ಅದನ್ನು ಮಾತ್ರ ಕತ್ತರಿಸಿ. ಕಡ್ಡಿ ಅಲ್ಲಾಡದಂತೆ ಸುತ್ತ ಬಟ್ಟೆ ಇಟ್ಟು ಹಿಡಿದುಕೊಳ್ಳಿ, 108ಕ್ಕೆ ಕರೆ ಮಾಡಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ. ಕಣ್ಣಾಗಿದ್ದರೆ ತೊಳೆಯಬೇಡಿ, ಒತ್ತಬೇಡಿ, ಡ್ರಾಪ್ಸ್ ಹಾಕಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟ ಕವುಚಿಟ್ಟು ಕರೆದೊಯ್ಯಿರಿ.

ಮೊನೆ ಅಂಗಾಲಿಗೆ ಇಷ್ಟೇ ಇಷ್ಟು ತಾಗಿದ್ದರೆ ಹುಡುಗರು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ನಮಗೆ ಹೆಚ್ಚು ಚಿಂತೆ ಇಂಥ ಗಾಯಗಳದ್ದೇ. ಟೆಟನಸ್ ಒಂದೇ ಅಲ್ಲ, ಹೊಳೆ, ಕೆರೆಯ ನೀರಲ್ಲಿ ಏರೋಮೊನಾಸ್, ಸಮುದ್ರ ಮತ್ತು ಅಳಿವೆಯ ನೀರಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಗಳಿರುತ್ತವೆ. ಇವುಗಳ ಸೋಂಕು ಕೆಲವೊಮ್ಮೆ ಒಂದೆರಡು ದಿನದಲ್ಲೇ ಕಾಲು ಊದಿಸಿ ಜ್ವರ ತರುತ್ತದೆ. ಮಾಮೂಲಿ ಗಾಯಕ್ಕೆ ಕೊಡುವ ಆಂಟಿಬಯೋಟಿಕ್ ಇವಕ್ಕೆ ಸಾಲದಿರಬಹುದು. ಆದ್ದರಿಂದ ಡಾಕ್ಟರ ಹತ್ತಿರ ಮೊಳೆ ಚುಚ್ಚಿತು ಎಂದು ಸುಳ್ಳು ಹೇಳಿಸಬೇಡಿ. ಯಾವ ನೀರಲ್ಲಿ, ಯಾವಾಗ, ಏನು ಚುಚ್ಚಿತು ಎಂದು ಹೇಳಿದರೆ ಸರಿಯಾದ ಮಾತ್ರೆ ಮೊದಲ ದಿನವೇ ಶುರುವಾಗುತ್ತದೆ.