ಆಟದ ಕೀಲಿ, ಅಕ್ಷರದ ಕೀಲಿ

ಹೊರನಾಡ ಕನ್ನಡಿಗರಾದ ನಮಗೆ ಒಂದು ಚಟ ಅಂಟಿಕೊಂಡಿದೆ. ನವೆಂಬರ್ ತಿಂಗಳಲ್ಲಿ ವೇದಿಕೆಯೇರಿ, ಮಕ್ಕಳಿಗೆ ಕನ್ನಡ ಬಾರದೆಂದು ಕೊರಗುತ್ತೇವೆ; ಉಳಿದ ಹನ್ನೊಂದು ತಿಂಗಳು ಅದೇ ಮಕ್ಕಳು ಕೈಯಲ್ಲಿ ಹಿಡಿದದ್ದನ್ನೆಲ್ಲ ಹಳಿಯುತ್ತೇವೆ. ಹಳಿಯಲು ಈಗ ಸಿಕ್ಕಿರುವ ಹೊಸ ಸಾಮಾನು ರೆಸಿನ್ ಕೀಕ್ಯಾಪ್.

ಅರಿಯದವರಿಗಾಗಿ ಎರಡು ಮಾತು. ಕಂಪ್ಯೂಟರಿನಲ್ಲಿ ಆಟವಾಡುವ ಹುಡುಗರು ಎಡಗೈಗೆಂದೇ ಇಪ್ಪತ್ತರ ಆಸುಪಾಸು ಕೀಲಿಗಳಿರುವ ಪುಟ್ಟ ಕೀಪ್ಯಾಡ್ ಇಟ್ಟುಕೊಳ್ಳುತ್ತಾರೆ. ಕೀಲಿಯ ತಲೆಯ ಮೇಲಿನ ಪ್ಲಾಸ್ಟಿಕ್ ಟೊಪ್ಪಿಗೆಯೇ ಕೀಕ್ಯಾಪ್. ಅದನ್ನು ಕಿತ್ತು, ಮನೆಯಲ್ಲೇ ಎರಕ ಹೊಯ್ದ ಬಣ್ಣದ ರೆಸಿನ್ ಟೊಪ್ಪಿಗೆ ತೊಡಿಸುವುದು ಈಗಿನವರ ಹವ್ಯಾಸ. "ದುಡ್ಡು ದಂಡ, ಹೊತ್ತು ದಂಡ" ಎಂಬುದು ನಮ್ಮ ಹಿರಿಯರ ತೀರ್ಪು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಮೊದಲು ಕೆಲಸದ ಯೋಗ್ಯತೆಯನ್ನು ನೋಡೋಣ. ಮೂಲ ಟೊಪ್ಪಿಗೆಯ ಸುತ್ತ ಸಿಲಿಕೋನ್ ಸುರಿದು ಎರಡು ಭಾಗದ ಅಚ್ಚು ಮಾಡಬೇಕು. ರೆಸಿನ್ನು, ಅದನ್ನು ಗಟ್ಟಿಗೊಳಿಸುವ ದ್ರಾವಣ ಎರಡನ್ನೂ ಡಬ್ಬಿಯ ಮೇಲಿನ ಪ್ರಮಾಣದಂತೆ ಅಳೆದು ಬೆರೆಸಬೇಕು. ಅದು ಬಣ್ಣದಂತೆ ಒಣಗುವ ವಸ್ತುವಲ್ಲ. ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಬಿಸಿಯನ್ನು ಹೊರಬಿಟ್ಟು ಕಲ್ಲಾಗುತ್ತವೆ. ಅಳತೆ ತಪ್ಪಿದರೆ ವಾರ ಕಳೆದರೂ ಅಂಟಂಟು. ಇನ್ನು ಕೀಲಿಯ ತಲೆಯಲ್ಲಿ ಕೂಡಿಸುವ ಚಿಹ್ನೆಯಾಕಾರದ ಮೊಳಕೆಯಿರುತ್ತದೆ. ಅದರ ತೋಳಿನ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಟೊಪ್ಪಿಗೆಯ ಒಳಗಿನ ಕಿಂಡಿ ಕೂದಲೆಳೆಯಷ್ಟು ಬಿಗಿಯಾದರೆ ಕೂರದು, ಸಡಿಲವಾದರೆ ನಿಲ್ಲದು. ಬಿ.ಎಸ್ಸಿ. ಪದವಿಯನ್ನು ಕಡತಗಳ ಅಡಿಯಲ್ಲಿ ಹೂತಿಟ್ಟ ನಮ್ಮಂಥ ಗುಮಾಸ್ತರು ಬಲ್ಲೆವು: ಪ್ರಯೋಗಶಾಲೆಯಲ್ಲಿ ಮೂರು ವರ್ಷ ಕಳೆದೂ ಇಷ್ಟು ಕೈಚಳಕ ಎಲ್ಲರಿಗೂ ಬರುವುದಿಲ್ಲ. ಇದು ಹೊತ್ತು ದಂಡವೇ?

ಎರಕ ಹೊಯ್ಯುವುದು ಕನ್ನಡಕ್ಕೆ ಹೊಸದೂ ಅಲ್ಲ. 1817ರಲ್ಲಿ ದೂರದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಅಚ್ಚುಮೊಳೆಯ ಕಾಲದಲ್ಲಿ ಯಾರೋ ಒಬ್ಬ ಕುಶಲಿ ಅಕ್ಷರದ ರೂಪ ಕೊರೆದು, ಸೀಸದ ಮಿಶ್ರಲೋಹ ಹೊಯ್ದದ್ದರಿಂದಲೇ ನಮ್ಮ ಅಜ್ಜಂದಿರು ಪುಸ್ತಕ ಓದಿದರು. ಸೀಸದ ಜಾಗಕ್ಕೆ ರೆಸಿನ್ ಬಂದ ಕೂಡಲೇ ಮೂಗು ಮುರಿಯುವುದೇಕೆ?

ಆದರೆ ಹುಡುಗರನ್ನೂ ಒಂದು ಮಾತು ಕೇಳಬೇಕಾಗಿದೆ. ನಿಮ್ಮ ಟೊಪ್ಪಿಗೆಯ ಮೇಲೆ ಜಪಾನಿನ ಬೊಂಬೆಯಿದೆ, ಡ್ರ್ಯಾಗನ್ ಇದೆ, ತಲೆಬುರುಡೆಯಿದೆ. ಇರಲಿ, ಬೇಡವೆನ್ನುವುದಿಲ್ಲ. 'ಅ' ಎಲ್ಲಿ? 'ಷ' ಎಲ್ಲಿ?

ಇಲ್ಲೊಂದು ಸೋಜಿಗವಿದೆ. ಮುಂಬಯಿಯಲ್ಲಿ ದುಡಿದ ನಮ್ಮವರೇ ಆದ ಕೆ. ಪಿ. ರಾವ್ ಅವರು ಕನ್ನಡ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿದರು. ಕರ್ನಾಟಕ ಸರ್ಕಾರ ಒಪ್ಪಿಕೊಂಡು 'ನುಡಿ' ತಂತ್ರಾಂಶದಲ್ಲಿ ಬಳಸಿದ ವಿನ್ಯಾಸಕ್ಕೂ ಅದೇ ಆಧಾರ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಅಡಕವಾಗಿದೆ. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಹೆಚ್ಚಿನವು ಉಚ್ಚಾರಕ್ಕೆ ಹೊಂದುವುದರಿಂದ ಯಾರೂ ಹೇಳಿಕೊಡಬೇಕಿಲ್ಲ. ಹೊಸಬರು ಮುಖ್ಯವಾಗಿ ಎಡವುವುದು ಐದು ಕಡೆ: 'ಕ್ಯೂ' ಒತ್ತಿದರೆ ಟ, 'ಡಬ್ಲ್ಯೂ' ಒತ್ತಿದರೆ ಡ, 'ಎಕ್ಸ್' ಒತ್ತಿದರೆ ಷ, 'ಝೆಡ್' ಒತ್ತಿದರೆ ಞ, 'ಎಫ್' ಒತ್ತಿದರೆ ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆ. ಈ ಐದೂ ಇರುವುದು ಎಡಗೈಯ ಕಡೆ, ಆಟದ ಹುಡುಗರ ಬೆರಳು ಹಗಲಿರುಳು ಕುಣಿಯುವ ಜಾಗದಲ್ಲೇ! ಐದೇ ಐದು ಟೊಪ್ಪಿಗೆ ಎರಕ ಹೊಯ್ದರೆ ಕನ್ನಡದ ಬಾಗಿಲು ತೆರೆಯಿತು.

"ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಒತ್ತಿದರೆ ತಾನೇ ಕನ್ನಡವಾಗುತ್ತದಲ್ಲ?" ಎನ್ನುವವರುಂಟು. ಆಗುತ್ತದೆ, ಸ್ವಾಮಿ. ಆದರೆ ಅಲ್ಲಿ ಲ-ಳ, ನ-ಣಗಳ ಭೇದವನ್ನು ಊಹಿಸುವುದು ಯಂತ್ರ, ನಿಮ್ಮ ಮಗನಲ್ಲ. ಕೀಲಿಮಣೆಯಲ್ಲಾದರೆ ಹಳ್ಳವೋ ಹಲ್ಲೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ಟೊಪ್ಪಿಗೆಯ ಮೇಲೆ ಅಕ್ಷರ ಕೊರೆಯುವವನಂತೂ ಅದರ ಪ್ರತಿಯೊಂದು ತಿರುವನ್ನೂ ಕಣ್ಣಿಟ್ಟು ನೋಡಲೇಬೇಕು. ಪಕಾರದ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಷಕಾರವೆಂಬುದನ್ನು ಒಮ್ಮೆ ಕೊರೆದ ಕೈ ಮರೆಯುವುದಿಲ್ಲ. ಅಂಗಡಿಯ ಸ್ಟಿಕ್ಕರ್ ಅಂಟಿಸಿದವನಿಗೆ ಆ ಭಾಗ್ಯವಿಲ್ಲ.

ಇನ್ನು ಕೆಲವರು "ಕಂಪನಿಗಳೇ ಕನ್ನಡ ಅಕ್ಷರ ಅಚ್ಚುಹಾಕಲಿ, ಸರ್ಕಾರ ಆಜ್ಞೆ ಹೊರಡಿಸಲಿ, ಸಂಘ ಠರಾವು ಮಾಡಿ ಅರ್ಜಿ ಕಳಿಸಲಿ" ಎನ್ನುತ್ತಾರೆ. ಕಳಿಸಿರಿ, ಬೇಡವೆಂದವರಾರು? ಆದರೆ ಅರ್ಜಿಯ ಗತಿಯೇನೆಂಬುದನ್ನು ಗುಮಾಸ್ತರಾದ ನಮ್ಮನ್ನು ಕೇಳಿರಿ. ಅದಕ್ಕೆ ನಂಬರು ಬೀಳುತ್ತದೆ, ಕಡತ ಏಳುತ್ತದೆ, ಮೇಜಿನಿಂದ ಮೇಜಿಗೆ ಹೋಗುತ್ತದೆ. ಅದು ತಿರುಗಿ ಬರುವಷ್ಟರಲ್ಲಿ ಇಂದಿನ ಹುಡುಗನ ತಲೆ ನರೆತಿರುತ್ತದೆ. ಈ ಮುಂಬಯಿಯಲ್ಲಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹಿಂದಿನ ತಲೆಮಾರು ಯಾರ ಆಜ್ಞೆಗೂ ಕಾದು ಕುಳಿತಿರಲಿಲ್ಲ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಕಾಯುವ ಸೌಭಾಗ್ಯ ನಮಗಂತೂ ಇಲ್ಲ.

ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ತುರಿಕೆ, ಗುಳ್ಳೆ ಏಳಬಹುದು. ಒಮ್ಮೆ ಒಗ್ಗದೆ ಹೋದರೆ ಮತ್ತೆ ಒಗ್ಗುವುದು ಕಷ್ಟ. ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಉಜ್ಜುವಾಗ ಮೂಗಿಗೆ ಮುಸುಕು ಬೇಕು. ಅಡುಗೆಯ ಪಾತ್ರೆ ಮುಟ್ಟಕೂಡದು. ಒಂದೇ ಕೋಣೆಯ ಮನೆಗಳಲ್ಲಿ ಇದನ್ನು ಮಾಡುವುದು ಸಲ್ಲ. ಅದಕ್ಕೆಂದೇ ಸಂಘದ ಸಭಾಗೃಹವಿದೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆ ಇಷ್ಟೆ. ಬರುವ ರಾಜ್ಯೋತ್ಸವದಲ್ಲಿ ಭಾಷಣಗಳ ಪೈಕಿ ಒಂದನ್ನು ಕಡಿಮೆ ಮಾಡಿರಿ. ಹಾರ ತುರಾಯಿಗಳ ಖರ್ಚಿನಲ್ಲಿ ಒಂದಿಷ್ಟು ಸಿಲಿಕೋನ್, ಒಂದು ಜೊತೆ ರೆಸಿನ್ ಡಬ್ಬಿ ಕೊಳ್ಳಿರಿ. ಸಭಾಗೃಹದ ಹಿಂಬದಿ, ಕಿಟಕಿಯ ಪಕ್ಕ ಎರಡು ಮೇಜು ಹಾಕಿ, ನಾವು ಹಳಿಯುತ್ತಿರುವ ಆ ಹುಡುಗರನ್ನೇ ಗುರುಗಳಾಗಿ ಕೂರಿಸಿರಿ. ಅವರು ಎರಕ ಕಲಿಸಲಿ, ಹಿರಿಯರು ಅಕ್ಷರ ತಿದ್ದಲಿ. ಕನ್ನಡ ಉಳಿಯಬೇಕೆಂದು ಮೈಕಿನ ಮುಂದೆ ಹೇಳುವ ಬಾಯಿಗಿಂತ, 'ಷ' ಕೊರೆಯುವ ಒಂದು ಕೈ ಮೇಲು.